‘ನಮ್ಮವರು ಅದನ್ನೆಲ್ಲ ತಗೊಳ್ಳಲ್ಲ’

ಫೆಬ್ರುವರಿ ನಾಲ್ಕು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬರ್ಮಿಂಗ್‌ಹ್ಯಾಮ್‌ನ ಬೇರ್‌ವುಡ್‌ನಲ್ಲಿ, ಅಂಗಡಿಯೊಂದರ ಮೇಲಿರುವ ನಮ್ಮ ಬಾಡಿಗೆ ಮನೆಯ ಬಾತ್‌ರೂಮಿನಲ್ಲಿ, ಕಮೋಡಿನ ನೀರು ಕೆಂಪಾಗಿದ್ದನ್ನು ನಾನು ಮೊದಲ ಸಲ ನೋಡಿದೆ. ತಿಂಗಳ ಮುಟ್ಟು ಅಲ್ಲವೆಂದು ಖಚಿತವಿತ್ತು, ಏಕೆಂದರೆ ಆ ತಾರೀಕುಗಳನ್ನೂ ಬರೆದಿಡುತ್ತೇನೆ. ಹುಬ್ಬಳ್ಳಿಯಲ್ಲಿ ಎಂಟನೇ ತರಗತಿಯಲ್ಲಿದ್ದಾಗಿನಿಂದ ದಿನಚರಿ ಬರೆಯುವ ಅಭ್ಯಾಸ. ಏನಾಯಿತು, ಎಷ್ಟು ಹೊತ್ತಿಗೆ, ಯಾರು ಏನಂದರು, ಇಷ್ಟೇ. ಇಲ್ಲಿ ಬರುವ ಮಾತುಗಳೆಲ್ಲ ಅಲ್ಲಿಂದಲೇ ಬಂದವು. ಯಾರಾದರೂ ‘ನಾನು ಹಾಗಂದಿರಲಿಲ್ಲ’ ಎಂದರೆ ತಾರೀಕು ಕೊಡಬಲ್ಲೆ.

ಇದನ್ನು ಬರೆಯಲು ಎರಡು ಕಾರಣ. ನನ್ನ ಹಾಗೆ ಕರುಳಿನ ರೋಗ ಬಂದು, ಯಾರ ಹತ್ತಿರವೂ ಬಾಯಿ ಬಿಡಲಾಗದೆ ಕುಳಿತಿರುವ ಹುಡುಗಿಯೊಬ್ಬಳು ಲೀಡ್ಸ್‌ನಲ್ಲೋ ಹಡರ್ಸ್‌ಫೀಲ್ಡ್‌ನಲ್ಲೋ ಇದ್ದರೆ, ಅವಳಿಗೆ ತಾನೊಬ್ಬಳೇ ಅಲ್ಲವೆಂದು ಗೊತ್ತಾಗಲಿ ಎನ್ನುವುದು ಮೊದಲನೆಯದು. ಎರಡನೆಯದು ಡಾಕ್ಟರ್ ಅಂಕಲ್. ಅವರ ಹೆಸರು ಬರೆಯಬಾರದೆಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಾಳೆ. ಹಾರ್ಬೋರ್ನ್‌ನಲ್ಲಿ ನಮ್ಮ ಕಡೆಯ ಡಾಕ್ಟರ್ ಅಂಕಲ್‌ಗಳು ಬೇಕಾದಷ್ಟು ಜನ ಇದ್ದಾರೆ. ಯಾರಿಗೆ ಚುಚ್ಚುತ್ತದೋ ಅವರು ಚುಚ್ಚಿಸಿಕೊಳ್ಳಲಿ.

ನಾವಿಬ್ಬರೇ, ಅಮ್ಮ ಮತ್ತು ನಾನು. ಅಪ್ಪ ನಾನು ನಾಲ್ಕನೇ ತರಗತಿಯಲ್ಲಿದ್ದಾಗ ತೀರಿಕೊಂಡರು. ಅಮ್ಮ ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದಳು. ಇಲ್ಲಿ ವೃದ್ಧರ ಕೇರ್ ಹೋಮಿನಲ್ಲಿ ಕೇರರ್. ಆ ಕೆಲಸದ ವೀಸಾದ ಮೇಲೆ ಅವಳು ಬಂದಳು, ಅವಳ ಅವಲಂಬಿತಳಾಗಿ ಹದಿನಾರರ ನಾನು ಬಂದೆ. ನಮ್ಮಿಬ್ಬರ ವೀಸಾದ ಮೇಲೂ ಒಂದೇ ಸಾಲು: ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಇದರ ಸುತ್ತಲೇ.

ಡಾಕ್ಟರ್ ಅಂಕಲ್ ಮೈಸೂರಿನವರು, ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ನಾವು ಬಂದಿಳಿದ ದಿನ ವಿಮಾನ ನಿಲ್ದಾಣಕ್ಕೆ ಕಾರು ತಂದವರು ಅವರೇ. ಅವರ ಹೆಂಡತಿ ಉಷಾ ಆಂಟಿ ನನಗೆ ತಮ್ಮ ಮಗಳ ಹಳೆಯ ಕೋಟು ಕೊಟ್ಟರು. ಬಾಡಿಗೆ ಮನೆಗೆ ಜಾಮೀನುದಾರರು ಬೇಕೆಂದು ಏಜೆನ್ಸಿಯವರು ಹಟ ಹಿಡಿದಾಗ ಸಹಿ ಹಾಕಿದವರೂ ಅಂಕಲ್. ಪ್ರತಿ ಡಿಸೆಂಬರಿಗೆ ಒಪ್ಪಂದ ಮುಗಿಯುತ್ತದೆ, ಪ್ರತಿ ಡಿಸೆಂಬರಿಗೆ ಅವರು ಮತ್ತೆ ಸಹಿ ಹಾಕುತ್ತಾರೆ. ಕೋಟಿಗೆ, ಕಾರಿಗೆ, ಸಹಿಗೆ ನಾನು ಋಣಿ. ಕರುಳಿಗೆ ಅಲ್ಲ.

ಮೊದಲ ದಿನದ ಕೆಂಪು ನೀರನ್ನು ಅಮ್ಮನಿಗೆ ತೋರಿಸಿದೆ. ಅವಳು ನರ್ಸಿನ ಕಣ್ಣಿನಿಂದ ನೋಡಿ, ತಾಯಿಯ ಬಾಯಿಂದ ಮಾತಾಡಿದಳು.

“ಉಷ್ಣ ಆಗೇದ. ಮೂಲವ್ಯಾಧಿ ಇರಬೇಕು. ಮಜ್ಜಿಗಿ ಕುಡಿ.”

“ಜಿಪಿಗೆ ಫೋನ್ ಮಾಡ್ಲಾ?”

“ತಡಿ, ಮೊದಲು ಡಾಕ್ಟರ್ ಸಾಹೇಬ್ರನ್ನ ಒಂದ್ ಮಾತ್ ಕೇಳೋಣು.”

ಇದು ನಮ್ಮವರ ಪದ್ಧತಿ. ಇಲ್ಲಿ ಜಿಪಿ, ಅಂದರೆ ಬಡಾವಣೆಯ ಸರಕಾರಿ ಡಾಕ್ಟರು, ಇದ್ದಾರೆ, ಫೋನಿನಲ್ಲಿ ಸಲಹೆ ಕೊಡುವ ನರ್ಸುಗಳಿದ್ದಾರೆ. ಆದರೂ ಮೊದಲು ಕೇಳುವುದು ನಮ್ಮ ಡಾಕ್ಟರನ್ನೇ. ಪೂಜೆಯ ಊಟದಲ್ಲಿ ಕೋಸಂಬರಿ ಬಡಿಸಿಕೊಳ್ಳುತ್ತ ಸಕ್ಕರೆ ಕಾಯಿಲೆಯ ರಿಪೋರ್ಟ್ ತೋರಿಸುತ್ತಾರೆ. ಹುಟ್ಟುಹಬ್ಬಕ್ಕೆ ಬಂದ ಕಣ್ಣಿನ ಡಾಕ್ಟರಿಗೆ ಮಂಡಿ ಮಡಿಸಿ ತೋರಿಸುತ್ತಾರೆ. ಅವರೂ ‘ಇದು ನನ್ನ ವಿಭಾಗವಲ್ಲ’ ಎನ್ನುವುದಿಲ್ಲ. ಹಾಗಂದವರನ್ನು ನಾನು ಈವರೆಗೆ ನೋಡಿಲ್ಲ.

ಅಮ್ಮ ಫೋನ್ ಮಾಡಿದಳು. ಅವರ ಹತ್ತಿರ ಮಾತಾಡುವಾಗ ಅವಳ ಹುಬ್ಬಳ್ಳಿ ಕನ್ನಡ ಮಾಯವಾಗುತ್ತದೆ. “ಹೌದು ಸರ್, ಸ್ವಲ್ಪ ರಕ್ತ ಹೋಗ್ತಿದೆ ಸರ್.” ಆ ಕಡೆಯಿಂದ ನಗು ಕೇಳಿಸಿತು. ಇಲ್ಲಿನ ಖಾರದ ಸಾಸು, ಕಾಲೇಜಿನ ಚಿಪ್ಸು, ಪೈಲ್ಸು. ಇಸಬ್ಗೋಲು ತಗೊಳ್ಳಲಿ, ಜಿಪಿ ಸಾಲಿನಲ್ಲಿ ನಿಂತು ಯಾಕೆ ಹೊತ್ತು ಕಳೆಯುತ್ತೀರಿ.

ಇಸಬ್ಗೋಲು ತಗೊಂಡೆ. ಮೂರು ವಾರದ ಹೊತ್ತಿಗೆ ದಿನಕ್ಕೆ ಎಂಟು ಹತ್ತು ಸಲ ಓಡುತ್ತಿದ್ದೆ. ಕಾಲೇಜಿಗೆ ಹೋಗುವ ಹನ್ನೊಂದನೇ ನಂಬರ್ ಬಸ್ಸಿನ ದಾರಿಯಲ್ಲಿ ಎಲ್ಲೆಲ್ಲಿ ಟಾಯ್ಲೆಟ್ ಇದೆಯೆಂದು ನನ್ನಲ್ಲಿ ನಕ್ಷೆಯಿದೆ. ಸೂಪರ್‌ಮಾರ್ಕೆಟ್ಟಿನದು ಎಂಟಕ್ಕೆ ತೆರೆಯುತ್ತದೆ, ಕಾಫಿ ಅಂಗಡಿಯದಕ್ಕೆ ರಸೀದಿಯ ಮೇಲಿನ ಸಂಖ್ಯೆ ಬೇಕು, ಗ್ರಂಥಾಲಯದ್ದು ಸಿಬ್ಬಂದಿಗೆ ಮಾತ್ರ. ಆದರೆ ಅಲ್ಲಿನ ಹೆಂಗಸೊಬ್ಬಳು ನನ್ನ ಮುಖ ನೋಡಿ ಏನೂ ಕೇಳದೆ ಬೀಗದ ಕೈ ಚಾಚಿದಳು. ಆಮೇಲೆ ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಕೌಂಟರಿನ ಮೇಲೆ ಬೀಗದ ಕೈ ಇರುತ್ತಿತ್ತು. ಈ ಇಡೀ ವರ್ಷದಲ್ಲಿ ಪ್ರಶ್ನೆ ಕೇಳದೆ ಉಪಕಾರ ಮಾಡಿದವರಲ್ಲಿ ಅವಳೇ ಮೊದಲನೆಯವಳು.

ಬಸ್ಸಿನಲ್ಲಿ ಒಂದು ದಿನ ತಡೆಯಲಾಗಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ: ಅಂದು ಉಷಾ ಆಂಟಿಯ ಮಗಳ ಕೋಟು ಉದ್ದವಿದ್ದದ್ದು ಒಳ್ಳೆಯದಾಯಿತು. ಅಂದೇ ಸಂಜೆ ಅಮ್ಮನನ್ನು ಕೇಳದೆ ಜಿಪಿಗೆ ಫೋನ್ ಮಾಡಿದೆ. ಜಿಪಿ ಮಲದ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶ ಬಂದ ಮರುದಿನವೇ ಆಸ್ಪತ್ರೆಗೆ ಬರೆದರು.

ಏಪ್ರಿಲ್ ಹತ್ತಕ್ಕೆ ಹಿಂದಿನಿಂದ ಕ್ಯಾಮೆರಾ ಬಿಟ್ಟು ಕರುಳು ನೋಡಿದರು. ಅದಕ್ಕೂ ಮೊದಲು ಕುಡಿಯಬೇಕಾದ ಉಪ್ಪುಪ್ಪು ಔಷಧಕ್ಕೆ ಹೋಲಿಸಿದರೆ ಕ್ಯಾಮೆರಾ ಏನೇನೂ ಅಲ್ಲ, ಹೆದರಬೇಡಿ. ಮುಗಿದ ಮೇಲೆ ಚಹಾ ಮತ್ತು ಎರಡು ಬಿಸ್ಕತ್ತು ಕೊಟ್ಟರು. ಎರಡು ದಿನದಿಂದ ಏನೂ ತಿಂದಿರಲಿಲ್ಲ, ಬಿಸ್ಕತ್ತು ನೆಂದು ಚಹಾದಲ್ಲಿ ಬಿದ್ದರೂ ಚಮಚದಲ್ಲಿ ಎತ್ತಿ ತಿಂದೆ. ತಿನ್ನುತ್ತಿರುವಾಗಲೇ ಡಾಕ್ಟರು ಬಂದು ಅಲ್ಸರೇಟಿವ್ ಕೊಲೈಟಿಸ್ ಎಂದರು. ದೊಡ್ಡ ಕರುಳಿನ ಒಳಗೆಲ್ಲ ಹುಣ್ಣು. ಹೋಗುವ ರೋಗವಲ್ಲ, ದಿನಾ ಔಷಧ ತಗೊಂಡು ಹತೋಟಿಯಲ್ಲಿಡಬೇಕಾದ್ದು. ದಿನಾ ಎಂಬ ಮಾತನ್ನು ಅವರು ಎರಡು ಸಲ ಹೇಳಿದರು.

ಬಸ್ಸಿನಲ್ಲಿ ಮನೆಗೆ ಬರುವಾಗ ಅಮ್ಮ ಕಿಟಕಿಯ ಆಚೆಯೇ ನೋಡುತ್ತಿದ್ದಳು. ಔಷಧಗಳಲ್ಲಿ ಒಂದನ್ನು ಹಿಂದಿನಿಂದ ಹಾಕಿಕೊಳ್ಳಬೇಕಾಗಿತ್ತು. ಅದನ್ನು ನೆನೆದು ನನಗೆ ಅಳು ಬಂತು.

“ಅಳ್ತಿ ಯಾಕ?” ಎಂದಳು. “ನಾ ಮಂದಿ ಮಕ್ಕಳಿಗೆ ಎನಿಮಾ ಕೊಟ್ಟೀನಿ. ನಿನಗ ಕೊಡೂದು ಏನ್ ಮಹಾ? ನೀ ಅಂತೂ ಹುಟ್ಟಿದಾಗಿಂದ ನನ್ನ ಮ್ಯಾಲೇ ಮಾಡೀ.”

ಬಸ್ಸಿನಲ್ಲಿ ಕನ್ನಡ ಬರುವವರು ಯಾರೂ ಇರಲಿಲ್ಲವೆಂದು ನಂಬಿದ್ದೇನೆ. ನಗುತ್ತ ಅತ್ತೆ.

ಔಷಧ ಹಿಡಿಯಿತು. ಮೇ ತಿಂಗಳಲ್ಲಿ ರಕ್ತ ನಿಂತಿತು. ಕಾಲೇಜಿನ ಪರೀಕ್ಷೆ ಬರೆದೆ. ಬೀದಿ ಕೊನೆಯ ಔಷಧದಂಗಡಿಯಲ್ಲಿ ಪ್ರತಿ ತಿಂಗಳು ನಾಲ್ಕು ಪೊಟ್ಟಣ ಕೊಡುತ್ತಿದ್ದರು, ಚೀಟಿಯ ಹಿಂದೆ ‘ಹದಿನಾರರಿಂದ ಹದಿನೆಂಟು, ಪೂರ್ಣಾವಧಿ ವಿದ್ಯಾರ್ಥಿ’ ಎಂದು ಗುರುತು ಹಾಕಿ ತರುತ್ತಿದ್ದೆ. ದುಡ್ಡಿಲ್ಲ.

ಜೂನ್ ಹದಿನೇಳಕ್ಕೆ ಹತ್ತೊಂಬತ್ತು ತುಂಬಿತು. ಹತ್ತೊಂಬತ್ತನೇ ತಾರೀಕು ಅಂಗಡಿಯವಳು ನನ್ನ ಹುಟ್ಟಿದ ದಿನ ನೋಡಿ ಪೆನ್ನು ಕೆಳಗಿಟ್ಟಳು.

“ಹ್ಯಾಪಿ ಬರ್ತ್‌ಡೇ, ಬ್ಯಾಬ್,” ಎಂದಳು. ಇಲ್ಲಿಯವರು ಎಲ್ಲರನ್ನೂ ಹಾಗೆ ಕರೆಯುತ್ತಾರೆ. “ಇನ್ನು ಮೇಲೆ ದುಡ್ಡು ಕೊಡಬೇಕಲ್ಲಾ.”

ಒಂದೊಂದು ಔಷಧಕ್ಕೂ ಹತ್ತು ಪೌಂಡಿನ ಹತ್ತಿರ. ಕೆಲವು ರೋಗಗಳಿಗೆ ವಿನಾಯಿತಿ ಇದೆ, ನನ್ನದು ಆ ಪಟ್ಟಿಯಲ್ಲಿ ಇಲ್ಲ. ಅವಳ ಹಿಂದಿನ ಗೋಡೆಯ ಮೇಲೆ ಒಂದು ಪೋಸ್ಟರ್ ಇತ್ತು: ಆದಾಯ ಕಡಿಮೆಯೇ? ಎಚ್‌ಸಿ ಒನ್ ಅರ್ಜಿ ಹಾಕಿ, ಔಷಧ, ಹಲ್ಲು, ಕಣ್ಣಿನ ಖರ್ಚಿಗೆ ನೆರವು ಪಡೆಯಿರಿ. ಫೋಟೋ ತೆಗೆದುಕೊಂಡು ಬಂದು ಅಮ್ಮನಿಗೆ ತೋರಿಸಿದೆ.

ಅಮ್ಮ ವೀಸಾದ ಕಾಗದ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟಳು. “ಇದು ನಮಗಲ್ಲ.”

“ಕೇಳಿ ನೋಡೋಣ.”

“ಡಾಕ್ಟರ್ ಸಾಹೇಬ್ರನ್ನ ಕೇಳೋಣು.”

ಆರು ವಾರ ಅವರು ಊರಲ್ಲಿರಲಿಲ್ಲ, ರಜೆಗೆ ಮೈಸೂರಿಗೆ ಹೋಗಿದ್ದರು. ಇಂಥ ಮಾತು ಫೋನಿನಲ್ಲಿ ಬೇಡ ಎಂದು ಅಮ್ಮ. ಕೇರ್ ಹೋಮಿನಲ್ಲಿ ಹೆಚ್ಚುವರಿ ಶಿಫ್ಟುಗಳನ್ನು ತೆಗೆದುಕೊಂಡು ಔಷಧಕ್ಕೆ ಕಟ್ಟಿದಳು.

ಆಗಸ್ಟ್ ಎಂಟು, ಶುಕ್ರವಾರ, ವರಮಹಾಲಕ್ಷ್ಮಿ. ಹಾರ್ಬೋರ್ನ್‌ನ ಅವರ ಮನೆಗೆ ಕರೆದಿದ್ದರು. ಕಲಶಕ್ಕೆ ಉಷಾ ಆಂಟಿ ರೇಷ್ಮೆ ಸೀರೆ ಉಡಿಸಿದ್ದರು. ಮಕ್ಕಳೆಲ್ಲ ಮಹಡಿಯಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಊಟದ ಕೊನೆಗೆ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಅಂಕಲ್ ಹತ್ತಿರ ಅಮ್ಮ ಮೆಲ್ಲಗೆ ಕೇಳಿದಳು. ಅವರು ಮೆಲ್ಲಗೆ ಉತ್ತರಿಸಲಿಲ್ಲ.

“ಗಿರಿಜಾ ಅವ್ರೇ, ವೀಸಾದಲ್ಲಿ ಸ್ಪಷ್ಟವಾಗಿ ಬರೆದಿದ್ಯಲ್ಲ, ಪಬ್ಲಿಕ್ ಫಂಡ್ಸ್ ಇಲ್ಲ ಅಂತ. ಇದೊಂದು ಅರ್ಜಿ ಹಾಕಿ ನೋಡಿ, ಐದು ವರ್ಷ ತುಂಬಿಸೋಕೆ ಪಡ್ತಿರೋ ಶ್ರಮ ನೀರಿಗೆ ಹಾಕಿದ ಹಾಗೆ. ಪರ್ಮನೆಂಟ್ ಆಗೋದು ಮರೆತುಬಿಡಿ.”

“ಆದ್ರೆ ಅಂಕಲ್, ಪೋಸ್ಟರ್‌ನಲ್ಲಿ ಹಾಗೆ ಬರೆದಿಲ್ಲ,” ಎಂದೆ.

“ಪುಟ್ಟಿ, ಪೋಸ್ಟರ್ ಇಲ್ಲಿಯವರಿಗೆ.” ಹೋಳಿಗೆ ಮುರಿದರು. “ಅಲ್ಲದೆ, ನಮ್ಮವರು ಅದನ್ನೆಲ್ಲ ತಗೊಳ್ಳಲ್ಲ. ನಾವು ಇಲ್ಲಿಗೆ ದುಡಿಯೋಕೆ ಬಂದಿರೋದು, ಕೈಯೊಡ್ಡೋಕಲ್ಲ. ಅಲ್ವಾ?”

ಪಂಕ್ತಿಯಲ್ಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಯಾರೋ ಒಬ್ಬರು ತಮ್ಮ ರಸ್ತೆಯ ಯಾರದೋ ಕಥೆ ತೆಗೆದರು, ಐದು ಮಕ್ಕಳು, ಒಂದು ದಿನವೂ ಕೆಲಸವಿಲ್ಲ, ಎಲ್ಲವೂ ಸರಕಾರದ್ದು. ಅಮ್ಮ ತಟ್ಟೆ ನೋಡುತ್ತ ನಕ್ಕಳು. ಹೊರಡುವಾಗ ಉಷಾ ಆಂಟಿ ಸ್ಟೀಲ್ ಡಬ್ಬಿಯ ತುಂಬ ಹೋಳಿಗೆ ಹಾಕಿ ಕೊಟ್ಟರು.

ನಾನೇ ಯಾಕೆ ಓದಿ ನೋಡಲಿಲ್ಲವೆಂದು ಕೇಳುವವರಿಗೆ ಒಂದು ಮಾತು. ವೀಸಾ ಎನ್ನುವುದು ನಮ್ಮ ಮನೆಯಲ್ಲಿ ಹಾವಿನ ಹುತ್ತ. ಇಪ್ಪತ್ತೈದು ವರ್ಷದಿಂದ ಈ ದೇಶದಲ್ಲಿರುವ ದೊಡ್ಡ ಡಾಕ್ಟರು ಅದಕ್ಕೆ ಕೈ ಹಾಕಬೇಡಿ ಎಂದ ಮೇಲೆ ಕೈ ಹಾಕುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ, ಹೇಳಿ.

ಸೆಪ್ಟೆಂಬರಿನಲ್ಲಿ ಕೇರ್ ಹೋಮಿನವರು ಅಮ್ಮನ ಹೆಚ್ಚುವರಿ ಶಿಫ್ಟುಗಳನ್ನು ಕಡಿಮೆ ಮಾಡಿದರು. ಆ ತಿಂಗಳು ಅಂಗಡಿಯಲ್ಲಿ ನಾನು, ಇವುಗಳಲ್ಲಿ ಬಿಡಬಹುದಾದ್ದು ಯಾವುದು ಎಂದು ಕೇಳಿದೆ. ಹಾಗೆ ಕೇಳುವವಳು ನಾನೊಬ್ಬಳೇ ಅಲ್ಲವೆಂದು ಔಷಧ ಕೊಡುವವನ ಮುಖದಲ್ಲೇ ಕಂಡಿತು. ಯಾವುದನ್ನೂ ಬಿಡಬಾರದು ಎಂದ. ಎರಡನ್ನು ಕೊಂಡೆ. ಅವನ್ನೂ ದಿನ ಬಿಟ್ಟು ದಿನ ತಗೊಂಡೆ, ಎರಡು ತಿಂಗಳು ಬರಲೆಂದು. ಅಮ್ಮನಿಗೆ ಹೇಳಲಿಲ್ಲ. ಕಾಲೇಜು ಶುರುವಾಗಿತ್ತು, ನಾನು ಚೆನ್ನಾಗಿಯೇ ಇದ್ದೆ, ಮೂರು ವಾರ.

ಅಕ್ಟೋಬರ್ ಹದಿಮೂರಕ್ಕೆ ಅಮ್ಮ ಕೆಲಸದಿಂದ ಬಂದಾಗ ನಾನು ಬಾತ್‌ರೂಮಿನ ನೆಲದ ಮೇಲಿದ್ದೆ. ಜ್ವರ, ರಕ್ತ, ಎದ್ದು ನಿಂತರೆ ಕತ್ತಲು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಸ್ಟಿರಾಯ್ಡ್ ಹಾಕಿದರು. ಮೂರನೇ ದಿನ ಶಸ್ತ್ರಚಿಕಿತ್ಸಕಿಯೊಬ್ಬಳು ಬಂದು ಮಂಚದ ತುದಿಯಲ್ಲಿ ಕುಳಿತಳು. ಔಷಧ ಹಿಡಿಯದಿದ್ದರೆ ದೊಡ್ಡ ಕರುಳನ್ನೇ ತೆಗೆಯಬೇಕಾದೀತು ಎಂದಳು. ಆಗ ಮಲ ಹೋಗಲು ಹೊಟ್ಟೆಯ ಮೇಲೆ ಅಂಟಿಸುವ ಚೀಲ ಎಲ್ಲಿ ಬರುತ್ತದೆಂದು ತೋರಿಸಲು, ಲಂಗದ ಗಂಟು ಎಲ್ಲಿ ಕಟ್ಟುತ್ತೀ ಎಂದು ಕೇಳಿ, ಪೆನ್ನಿನಿಂದ ಗುರುತು ಹಾಕಿದಳು. ಮುಂಜಾಗ್ರತೆಗೆ, ಎಂದಳು. ಒಳ್ಳೆಯವಳು. ಆದರೆ ಆ ಕಪ್ಪು ಚುಕ್ಕೆ ಸ್ನಾನ ಮಾಡಿದರೂ ಎಷ್ಟೋ ದಿನ ಹೋಗಲಿಲ್ಲ.

ಅಂದೇ ಸಂಜೆ ಡಾಕ್ಟರ್ ಅಂಕಲ್ ಬಂದರು, ಕೊರಳಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ಉಷಾ ಆಂಟಿ ಕೊಟ್ಟ ರವೆ ಗಂಜಿಯ ಡಬ್ಬಿ. ನಾನು ಏನನ್ನೂ ತಿನ್ನುವಂತಿರಲಿಲ್ಲ. ಏನಾಯಿತೆಂದು ಅಮ್ಮನನ್ನು ಕೇಳಿದರು. ಅಮ್ಮ ಎಲ್ಲ ಹೇಳಿದಳು. ಔಷಧ ತಪ್ಪಿಸಿದ್ದರಿಂದ ಹೀಗಾಗಿರಬಹುದೆಂದು ವಾರ್ಡಿನವರು ಅಂದದ್ದನ್ನೂ ಹೇಳಿದಳು.

“ಕಂಪ್ಲೈಯನ್ಸ್ ಪ್ರಾಬ್ಲಮ್,” ಎಂದರು ಅಂಕಲ್. “ಈ ವಯಸ್ಸಿನವ್ರದ್ದು ಇದೇ. ಗಿರಿಜಾ ಅವ್ರೇ, ನೀವು ನರ್ಸ್ ಆಗಿದ್ದೋರು, ಮಗಳು ಮಾತ್ರೆ ತಗೊಂಡ್ಳಾ ಇಲ್ವಾ ಅಂತ ನೋಡ್ಕೋಬಾರ್ದಾ?”

ಅಮ್ಮ ನನ್ನ ಹೊಟ್ಟೆಯ ಮೇಲಿನ ಹೊದಿಕೆಯನ್ನು ಸರಿ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ತಪ್ಪಾಯ್ತು ಸರ್.”

ನನ್ನ ದಿನಚರಿಯ ಆ ದಿನದ ಪುಟದಲ್ಲಿ ಈ ಎರಡೇ ಪದಗಳಿವೆ, ಉಳಿದ ಮಾತುಗಳನ್ನು ಮರುದಿನ ಬರೆದುಕೊಂಡೆ. ಚೀಲದ ಬಗ್ಗೆ ಬರೆದಿಲ್ಲ, ಚುಕ್ಕೆಯ ಬಗ್ಗೆ ಬರೆದಿಲ್ಲ. ಅವರು ಹೋಳಿಗೆ ಮುರಿಯುತ್ತ ಹೇಳಿದ ಮಾತು ಅವರಿಗೆ ನೆನಪೇ ಇರಲಿಲ್ಲ. ನೆನಪಿದ್ದು ಮುಚ್ಚಿಟ್ಟಿದ್ದರೆ ಕಳ್ಳ ಎಂದಾದರೂ ಗೌರವಿಸುತ್ತಿದ್ದೆ.

ಅವರು ಹೋದ ಮೇಲೆ ಫೋನ್ ತೆಗೆದು ಸರಕಾರದ ಪುಟದಲ್ಲಿ ‘ಸಾರ್ವಜನಿಕ ನಿಧಿ’ ಎಂದರೆ ಯಾವ್ಯಾವುದು ಎಂಬ ಪಟ್ಟಿಯನ್ನು ಓದಿದೆ. ಮಕ್ಕಳ ಭತ್ಯೆ, ಬಾಡಿಗೆ ನೆರವು, ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ, ಅಂಗವಿಕಲರ ಭತ್ಯೆ. ಮೊದಲಿಂದ ಕೊನೆಯವರೆಗೆ ಓದಿದೆ, ಕೊನೆಯಿಂದ ಮೊದಲಿನವರೆಗೆ ಓದಿದೆ. ಔಷಧದ ಖರ್ಚಿನ ನೆರವು ಅದರಲ್ಲಿ ಇಲ್ಲ. ಎಲ್ಲೂ ಇಲ್ಲ. ನನ್ನಂಥ ವೀಸಾದವರೂ ಅರ್ಜಿ ಹಾಕಬಹುದು. ಇನ್ನೂ ಒಂದು: ಹತ್ತೊಂಬತ್ತು ತುಂಬಿದ ವಿದ್ಯಾರ್ಥಿನಿ ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದು. ಆಗ ನೋಡುವುದು ಅಮ್ಮನ ಸಂಬಳವನ್ನಲ್ಲ, ನನ್ನ ಆದಾಯವನ್ನು, ಅಂದರೆ ನಾನು ಶನಿವಾರ ಮಾಡುವ ಬೇಕರಿ ಕೆಲಸದ ಪುಡಿಗಾಸನ್ನು. ಜೂನ್ ಹದಿನೇಳರಿಂದಲೇ ನಾನು ಅರ್ಹಳಾಗಿದ್ದೆ.

ಬಲಗೈಯಲ್ಲಿ ಸೂಜಿ ಇದ್ದದ್ದರಿಂದ ಎಡಗೈ ಹೆಬ್ಬೆರಳಿನಲ್ಲೇ ಅರ್ಜಿ ತುಂಬಿದೆ. ಪಕ್ಕದ ಮಂಚದ ಮುದುಕಿ “ಹುಡುಗನಿಗೆ ಬರೀತಿದ್ದೀಯಾ ಬ್ಯಾಬ್?” ಎಂದಳು. ಹೌದು, ವಯಸ್ಸಾದವನಿಗೆ ಎಂದೆ. ಅವಳು ಕೆಮ್ಮು ಬರುವಷ್ಟು ನಕ್ಕಳು.

ಕರುಳು ಉಳಿಯಿತು. ಹೊಸದೊಂದು ಔಷಧಕ್ಕೆ ಅದು ಒಗ್ಗಿಕೊಂಡಿತು. ಈಗ ಎಂಟು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕೂತು ಅದನ್ನು ಹಾಕಿಸಿಕೊಳ್ಳುತ್ತೇನೆ. ಬಿಸಿ ಹೊದಿಕೆ ಕೊಡುತ್ತಾರೆ, ಟೋಸ್ಟ್ ಕೊಡುತ್ತಾರೆ. ನವೆಂಬರ್ ಐದಕ್ಕೆ ಅಂಚೆಯಲ್ಲಿ ಎಚ್‌ಸಿ ಟೂ ಪ್ರಮಾಣಪತ್ರ ಬಂತು, ಪೂರ್ತಿ ವಿನಾಯಿತಿ. ಈಗಾಗಲೇ ಕೊಟ್ಟಿದ್ದ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಅದಕ್ಕೊಂದು ಬೇರೆ ರಸೀದಿ ಇದೆ, ದುಡ್ಡು ಕೊಡುವಾಗಲೇ ಕೇಳಿ ಪಡೆಯಬೇಕು, ಆಮೇಲೆ ಸಿಗುವುದಿಲ್ಲ. ಓದುತ್ತಿರುವವರು ಇದನ್ನು ಗುರುತು ಹಾಕಿಕೊಳ್ಳಿ.

ಅಮ್ಮನಿಗೆ ಪ್ರಮಾಣಪತ್ರ ತೋರಿಸಿದೆ. ವೀಸಾ ಕಾಗದವನ್ನೂ ಪಟ್ಟಿಯನ್ನೂ ಪಕ್ಕದಲ್ಲಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದಳು.

“ಅವ್ರಿಗೆ ಗೊತ್ತಿರ್ಲಿಲ್ಲ, ಅಷ್ಟೇ,” ಎಂದಳು.

“ಗೊತ್ತಿಲ್ಲ ಅನ್ನಬಹುದಿತ್ತು.”

“ಹೋಗ್ಲಿ ಬಿಡು ಅಶ್ವಿನಿ. ದೊಡ್ಡವರು.”

ನಾನು ಬಿಡಲಿಲ್ಲ. ನವೆಂಬರ್ ಹದಿನೈದಕ್ಕೆ ನಮ್ಮ ಕನ್ನಡ ಗುಂಪಿನ ರಾಜ್ಯೋತ್ಸವ. ಪ್ರತಿ ವರ್ಷ ಊಟಕ್ಕೆ ಮೊದಲು ಡಾಕ್ಟರ್ ಅಂಕಲ್‌ರ ಆರೋಗ್ಯ ಭಾಷಣ, ಆಮೇಲೆ ಪ್ರಶ್ನೋತ್ತರ. ಬೆಳಿಗ್ಗೆ ಅಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಇವತ್ತ ಒಂದ್ ಮಾತೂ ಬ್ಯಾಡ. ಬರೂ ತಿಂಗಳು ಮನಿ ಕಾಗದಕ್ಕ ಅವರ ಸಹಿ ಬೇಕು. ಅವ್ರು ಇಲ್ಲಂದ್ರ ನಾವು ಎಲ್ಲಿ ಹೋಗೂದು? ಸೂಟ್‌ಕೇಸ್ ತಗೊಂಡು ಬಸ್ ಸ್ಟಾಪಿನ್ಯಾಗ ಕೂಡೋಣೇನು?”

“ಬರೀ ಒಂದು ಪ್ರಶ್ನೆ ಕೇಳ್ತೀನಿ ಅಮ್ಮಾ.”

“ನಿನ್ನ ಪ್ರಶ್ನೆ ನನಗ ಗೊತ್ತು.”

ಶಾಲೆಯೊಂದರ ಸಭಾಂಗಣ. ವೇದಿಕೆಯ ಮೇಲೆ ಕೆಂಪು ಹಳದಿ ಬಟ್ಟೆ, ಹಿಂದೆ ಬಿಸಿಬೇಳೆಬಾತಿನ ವಾಸನೆ. ಅಮ್ಮ ಬಡಿಸುವವರ ಜೊತೆ ಒಳಗಿದ್ದಳು. ಅಂಕಲ್ ಮೂಳೆ ಸವೆತದ ಬಗ್ಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಅವರ ವಿಷಯ ಅವರಿಗೆ ಗೊತ್ತು. ಪ್ರಶ್ನೆಗಳಿವೆಯೇ ಎಂದಾಗ ಕೈ ಎತ್ತಿದೆ.

“ಅಂಕಲ್, ಮೂಳೆದಲ್ಲ, ಬೇರೆ ಕೇಳ್ಬಹುದಾ?”

“ಕೇಳು ಪುಟ್ಟಿ. ನೋಡಿ, ಹುಷಾರಾಗಿ ಬಂದಿದ್ದಾಳೆ, ಎಲ್ಲರೂ ಚಪ್ಪಾಳೆ ತಟ್ಟಿ.”

ತಟ್ಟಿದರು. ನಾನು ಚಪ್ಪಾಳೆ ಮುಗಿಯುವವರೆಗೆ ಕಾದೆ.

“ನಮ್ಮಂಥ ವೀಸಾ ಇರೋರು ಔಷಧದ ಖರ್ಚಿಗೆ ಎಚ್‌ಸಿ ಒನ್ ಅರ್ಜಿ ಹಾಕ್ಬಹುದಾ?”

ನನಗೆ ಬೇಕಾಗಿದ್ದದ್ದು ಇದೇ. ಅವರು ಇನ್ನೊಂದು ಸಲ ಹೇಳಬೇಕು, ಮೈಕಿನಲ್ಲಿ ಹೇಳಬೇಕು. ‘ನನಗೆ ಗೊತ್ತಿಲ್ಲ, ವಿಚಾರಿಸಿ’ ಎಂದಿದ್ದರೆ ನಾನು ಕುಳಿತುಬಿಡುತ್ತಿದ್ದೆ. ಅಷ್ಟು ಅವಕಾಶ ಕೊಟ್ಟಿದ್ದೆ.

“ಖಂಡಿತ ಕೂಡದು,” ಎಂದರು. “ಪಬ್ಲಿಕ್ ಫಂಡ್ಸ್. ಎಲ್ಲರಿಗೂ ಹೇಳ್ತಿದ್ದೀನಿ, ಇಂಥ ತಪ್ಪು ಮಾಡಿ ವೀಸಾ ಕಳ್ಕೋಬೇಡಿ.”

ಪಟ್ಟಿಯನ್ನು ಮುದ್ರಿಸಿ ತಂದಿದ್ದೆ. ನಿಂತಲ್ಲೇ ಓದಿದೆ, ಒಂದೊಂದೇ ಹೆಸರು, ಅವಸರ ಮಾಡದೆ. ಓದಿ ಮುಗಿಸಿ, “ಇದ್ರಲ್ಲಿ ಎಲ್ಲಿದೆ ಅಂಕಲ್?” ಎಂದೆ. ಪ್ರಮಾಣಪತ್ರ ಎತ್ತಿ ಹಿಡಿದೆ. “ಇದು ನಂದು. ನನ್ನ ವೀಸಾ ಇನ್ನೂ ಇದೆ.”

ಅವರು ನಕ್ಕರು. “ಅಮ್ಮಾ, ನಾನು ಆರ್ಥೋಪೆಡಿಕ್ ಸರ್ಜನ್. ಇಮಿಗ್ರೇಷನ್ ಲಾಯರ್ ಅಲ್ಲ.”

“ಆಗಸ್ಟ್ ಎಂಟಕ್ಕೆ ನಿಮ್ಮನೇಲಿ ಹೋಳಿಗೆ ತಿನ್ನುವಾಗ ಏನಾಗಿದ್ರಿ?”

ಹಿಂದಿನ ಸಾಲಿನಲ್ಲಿ ಒಂದು ಮಗು ‘ಮಮ್, ಈಸ್ ಶೀ ಇನ್ ಟ್ರಬಲ್?’ ಎಂದು ಕೇಳಿತು. ಆಮೇಲೆ ಗೋಡೆಯ ಹತ್ತಿರ ಕೂತಿದ್ದ ಲಲಿತಾ ಎನ್ನುವವರು ಎದ್ದರು. ಹಾಸನದ ಕಡೆಯವರು, ಅವರೂ ಕೇರರ್, ಅವತ್ತಿನವರೆಗೆ ನನಗೆ ಪರಿಚಯವಿರಲಿಲ್ಲ.

“ನಂಗೂ ಹಂಗೇ ಹೇಳಿದ್ರಿ ಸಾರ್,” ಎಂದರು. “ಹಲ್ಲಿಗೆ. ನಂಗೆ ಎರಡು ಹಲ್ಲು ಕಿತ್ತಾಕ್ಬೇಕಾಯ್ತು, ರಿಪೇರಿಗೆ ದುಡ್ಡಿಲ್ದೆ.”

ಅವರು ಬಾಯಿ ತೆರೆದು ತೋರಿಸಲಿಲ್ಲ. ತೋರಿಸಿದ್ದರೂ ಅಷ್ಟು ತಾಗುತ್ತಿರಲಿಲ್ಲ. ಅಂಕಲ್ ಮೈಕನ್ನು ಮೇಜಿನ ಮೇಲಿಟ್ಟು, ಊಟಕ್ಕೆ ಹೊತ್ತಾಯಿತು ಎಂದರು. ಊಟದ ಸಾಲಿನಲ್ಲಿ ನಾಲ್ಕು ಜನ ನನ್ನ ಕಾಗದದ ಫೋಟೋ ತೆಗೆದುಕೊಂಡರು. ಬಾಗಿಲಲ್ಲಿ ಸಾರಿನ ಸೌಟು ಹಿಡಿದು ಅಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

ನನಗೆ ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು. ಬಹಳ ಆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅಂದೇ ಮೊದಲ ಸಲ ಎರಡು ಸಲ ಹಾಕಿಸಿಕೊಂಡು ಉಂಡೆ.

ಸೋಮವಾರ ಅಮ್ಮನ ಫೋನಿಗೆ ಅಂಕಲ್‌ರ ಸಂದೇಶ ಬಂತು: ಈ ಸಲ ಜಾಮೀನು ಕಷ್ಟ, ಬೇರೆ ವ್ಯವಸ್ಥೆ ಮಾಡಿಕೊಳ್ಳಿ, ಮಗಳಿಗೆ ಶುಭವಾಗಲಿ. ಅಮ್ಮ ಅದನ್ನು ನನಗೆ ತೋರಿಸಿ ಕೆಲಸಕ್ಕೆ ಹೋದಳು. ಐದು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅನ್ನ ಬಡಿಸಿದಳು, ಮಾತ್ರೆ ಎಣಿಸಿದಳು, ಮಾತಿಲ್ಲ. ಆ ಐದು ದಿನ ನಾನು ಹೆದರಿದಷ್ಟು ಶಸ್ತ್ರಚಿಕಿತ್ಸಕಿಯ ಪೆನ್ನಿಗೂ ಹೆದರಿರಲಿಲ್ಲ. ಏಜೆನ್ಸಿಯವಳಿಗೆ ನಾನೇ ಫೋನ್ ಮಾಡಿದೆ. ಬಾಡಿಗೆ ಒಂದು ಸಲವೂ ತಪ್ಪಿಲ್ಲ, ಹೊಸ ಒಪ್ಪಂದ ಬೇಡವಾದರೆ ತಿಂಗಳಿಂದ ತಿಂಗಳಿಗೆ ಮುಂದುವರಿಯಲಿ, ಸದ್ಯಕ್ಕೆ ಜಾಮೀನು ಬೇಕಿಲ್ಲ ಎಂದಳು. ಸದ್ಯಕ್ಕೆ ಎಂದರೆ ಎಷ್ಟು ದಿನವೋ ಅವಳೂ ಹೇಳಲಿಲ್ಲ. ಡಿಸೆಂಬರ್ ಕಳೆಯಿತು. ಈಗಲೂ ಅದೇ ಮನೆಯಲ್ಲಿದ್ದೇವೆ.

ಆರನೇ ದಿನ ಅಮ್ಮ ಅಡುಗೆಮನೆಯ ಮೇಲಿನ ಕಪಾಟಿನಿಂದ ಉಷಾ ಆಂಟಿಯ ಎರಡು ಸ್ಟೀಲ್ ಡಬ್ಬಿಗಳನ್ನು ತೆಗೆದಳು, ಹೋಳಿಗೆಯದು ಮತ್ತು ಗಂಜಿಯದು. ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದಳು. ಬಟ್ಟೆಯಿಂದ ಒರೆಸಿದಳು. ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಬಾರದು ಎಂದು ನನಗೆ ಕಲಿಸಿದವಳು ಅವಳು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದಳು. ಹುಬ್ಬಳ್ಳಿಯಲ್ಲಿ ತಿಂಗಳ ಕೊನೆಯಲ್ಲಿ ಪಕ್ಕದ ಮನೆಯ ಲೋಟಕ್ಕೆ ನಾಲ್ಕು ಶೇಂಗಾ ಹಾಕಿ ಕೊಟ್ಟಿದ್ದನ್ನು ನೋಡಿದ್ದೇನೆ.

ನಾನು ಸಕ್ಕರೆಯ ಡಬ್ಬಿ ಕೆಳಗಿಳಿಸಿದೆ. ಅಮ್ಮ ಅದನ್ನು ಮತ್ತೆ ಮೇಲಿಟ್ಟಳು. ಖಾಲಿ ಡಬ್ಬಿಗಳ ಮುಚ್ಚಳ ಒತ್ತಿ, ಚೀಲಕ್ಕೆ ಹಾಕಿ, ನನ್ನ ಕೈಗೆ ಕೊಟ್ಟಳು.

“ಹಿಂಗ ಕೊಟ್ಟು ಬಾ.”

“ಹಿಂಗನಾ?”

“ಹ್ಞೂಂ. ಆಂಟಿಗೆ ತಿಳೀತದ.” ಬಾಗಿಲವರೆಗೆ ಬಂದು ನನ್ನ ಕೋಟಿನ ಗುಂಡಿ ಹಾಕಿದಳು. ಆಮೇಲೆ, ನನಗಲ್ಲ ಎಂಬಂತೆ, “ಹದಿನೆಂಟು ವರ್ಷ ನರ್ಸ್ ಕೆಲಸ ಮಾಡೀನಿ. ನನ್ನ ಬಾಯಿಲೆ ತಪ್ಪಾಯ್ತು ಅನಿಸ್ಯಾನ,” ಎಂದಳು.

ಅವಳು ಡಾಕ್ಟರ್ ಅಂಕಲ್‌ರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ತಾರೀಕು ನವೆಂಬರ್ ಇಪ್ಪತ್ತಮೂರು, ಭಾನುವಾರ. ಹಾರ್ಬೋರ್ನ್‌ನ ಬಾಗಿಲಲ್ಲಿ ಉಷಾ ಆಂಟಿ ಡಬ್ಬಿಗಳನ್ನು ತೆಗೆದುಕೊಂಡು, ಕೈಯಲ್ಲಿ ತೂಗಿ ನೋಡಿ, ನನ್ನ ಮುಖ ನೋಡಿದರು.

ನನಗೆ ಇನ್ನೂ ಗೊತ್ತಿಲ್ಲದ ವಿಷಯಗಳಿವೆ. ಸಂಬಳ ಬರುವ ಕೇರರ್‌ಗಳಿಗೆ ಪೂರ್ತಿ ಅಲ್ಲದಿದ್ದರೂ ಭಾಗಶಃ ನೆರವಿನ ಪ್ರಮಾಣಪತ್ರ ಸಿಗುತ್ತದಂತೆ. ಪಡೆದವರಿದ್ದರೆ ಹೇಗೆಂದು ತಿಳಿಸಿ. ಇದನ್ನು ಪಡೆದ ಮೇಲೆ ವೀಸಾ ನವೀಕರಿಸಿದವರಿದ್ದರೆ, ಏನಾದರೂ ಕೇಳಿದರೇ ಎಂದು ತಿಳಿಸಿ, ಅಷ್ಟು ಗೊತ್ತಾದರೆ ಅಮ್ಮನಿಗೆ ನಿದ್ದೆ ಬರುತ್ತದೆ. ಸಂಪಾದಕರ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ‘ನಮ್ಮವರು ಅದನ್ನೆಲ್ಲ ತಗೊಳ್ಳಲ್ಲ’ ಎಂದು ನಿಮಗೂ ಯಾರಾದರೂ ಹೇಳಿದ್ದರೆ, ಅದನ್ನು ನಂಬಿ ನೀವು ಏನು ಕಳೆದುಕೊಂಡಿರಿ, ಹಲ್ಲೋ, ಕಣ್ಣೋ, ಕರುಳೋ, ಅದನ್ನು ಬರೆಯಿರಿ. ಹೇಳಿದವರು ಯಾರು, ಯಾವ ಮನೆಯ ಊಟದಲ್ಲಿ, ಆಗ ಅವರ ತಟ್ಟೆಯಲ್ಲಿ ಏನಿತ್ತು, ಅದನ್ನೂ ಬಿಡದೆ ಬರೆಯಿರಿ. ನನ್ನ ಪುಸ್ತಕದಲ್ಲಿ ಜಾಗವಿದೆ.